ಮೊದಲು ಮೂಸಿ ನೋಡಿ

ಡಾಕ್ಟರ ಶ್ರದ್ಧಾಂಜಲಿ ಸಭೆಗೆ ಕಟ್ಟಿದ್ದ ಬ್ಯಾನರ್ ಕಂಡ ಕೂಡಲೇ ನನಗೆ ಮನೆಗೆ ವಾಪಸ್ ಹೋಗಿಬಿಡೋಣ ಅನ್ನಿಸಿತು. ‘ಮೂಕಪ್ರಾಣಿಗಳ ಮಹಾತಾಯಿ’ ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದರು. ಅವರ ಫೋಟೋದ ಪಕ್ಕದಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಯಾವುದೋ ಚಿನ್ನದ ಕೂದಲಿನ ನಾಯಿ ನಾಲಿಗೆ ಚಾಚಿ ನಗುತ್ತಿತ್ತು. ತಾಯಿ ಎಂದು ಯಾರಾದರೂ ಬಾಯಿ ತಪ್ಪಿ ಹೇಳಿದರೂ ಡಾಕ್ಟರು ಉರಿದುಬೀಳುತ್ತಿದ್ದರು. “ನಾನೆಂತಕ್ಕೆ ನಾಯಿಗೆ ತಾಯಿ ಆಗ್ಬೇಕು ಮಾರಾಯ್ರೆ? ಅದಕ್ಕೆ ಅದರದ್ದೇ ತಾಯಿ ಉಂಟು. ನಾನು ಡಾಕ್ಟರ್ ಆದ್ರೆ ಸಾಲದಾ?” ಎನ್ನುತ್ತಿದ್ದರು. ಈಗ ತಿರುಗಿ ಕೇಳಲು ಅವರು ಇಲ್ಲ ಎಂದು ಧೈರ್ಯ ಮಾಡಿ ತಾಯಿಗೆ ‘ಮಹಾ’ ಕೂಡ ಸೇರಿಸಿಬಿಟ್ಟಿದ್ದರು.

ಬ್ಯಾನರಿನ ಖರ್ಚು, ಕುರ್ಚಿಯ ಖರ್ಚು, ಕಾಫಿ ಅಂಬಡೆಯ ಖರ್ಚು ಎಲ್ಲವೂ ಅಂದಿನ ಸಭೆಯ ಅಧ್ಯಕ್ಷರದ್ದು. ಅವರು ಬೋಟುಗಳ ಯಜಮಾನರು. ಊರವರು ಧಣಿಗಳು ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಮೈಕ್ ಹಿಡಿದು ಅವರು, “ನನ್ನ ಸ್ವಂತ ನಾಯಿಯನ್ನು ಸಾವಿನ ದವಡೆಯಿಂದ ಪಾರು ಮಾಡಿದ ದೇವತೆ” ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಕಾಫಿಯ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದು, “ಟೀಚರೇ, ನಮ್ಮ ನಾಯಿ ಅಲಾಸ್ಕ ಈಗ ನಿಮ್ಮ ಮನೆಯಲ್ಲಿ ಉಂಟಂತೆ ಅಲ್ಲವಾ? ಫೋಟೋ ನೋಡಿದೆ, ಒಳ್ಳೆ ಶೋ ಬಂದಿದೆ. ಆದಿತ್ಯವಾರ ಬಂದು ಕರ್ಕೊಂಡು ಹೋಗ್ತೇನೆ” ಎಂದರು. ಶೋ ಎಂಬ ಮಾತು ಕೇಳಿದ ಮೇಲೆ ನನಗೆ ಕೈಯಲ್ಲಿದ್ದ ಅಂಬಡೆ ಬೇಡವಾಯಿತು. ಅದನ್ನು ಕಾಗದದ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡೆ.

ಇಷ್ಟು ಹೇಸಿಗೆ ನನಗೆ ಯಾಕಾಯಿತು ಎನ್ನುವುದನ್ನು ಹೇಳಬೇಕಾದರೆ ಡಾಕ್ಟರ ಬಗ್ಗೆ ಹೇಳಬೇಕು. ಹುಟ್ಟಿನಿಂದಲೂ ನಾನು ಹೇಸುವ ಜಾತಿಯವಳು. ಬಸ್ಸಿನಲ್ಲಿ ಪಕ್ಕದವರ ಎಣ್ಣೆ ತಲೆಯ ವಾಸನೆಗೆ ಸೀಟು ಬದಲಾಯಿಸುವವಳು. ಅಂಥ ನನಗೆ ಯಾವುದಕ್ಕೆ ಹೇಸಬೇಕು, ಯಾವುದಕ್ಕೆ ಹೇಸಬಾರದು ಎಂದು ಕಲಿಸಿದವರು ಅವರು.

ಅವರ ಕ್ಲಿನಿಕ್ ಮಂಗಳೂರಿನ ಪಂಪ್‌ವೆಲ್‌ನ ಮೇಲ್ಸೇತುವೆಯ ಪಕ್ಕ, ಟಯರ್ ಅಂಗಡಿಯ ಹಿಂದೆ ಇತ್ತು. ಎದುರಿಗೆ ಬಸ್ಸುಗಳ ಹಾರ್ನು, ಒಳಗೆ ಫಿನಾಯಿಲ್, ಒದ್ದೆ ನಾಯಿ ಮತ್ತು ಕೀವಿನ ವಾಸನೆ. ಡಾಕ್ಟರು ಹೊಳೆಯಾಚೆಯ ಬೆಂಗ್ರೆಯಲ್ಲಿ ಹುಟ್ಟಿದವರು. ತಂದೆ ಕಡಲಿಗೆ ಹೋಗುತ್ತಿದ್ದರು, ತಾಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಮಗಳು ಡಾಕ್ಟರಾದ ಮೇಲೂ ಬೆಂಗ್ರೆ ಬಿಡಲಿಲ್ಲ. ದಿನಾ ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಬರುತ್ತಿದ್ದರು. ಗಿಡ್ಡ ದೇಹ, ಸೆರಗು ಸಿಕ್ಕಿಸಿದ ಕಾಟನ್ ಸೀರೆ, ಅದರ ಮೇಲೆ ಒಂದು ಕಾಲದಲ್ಲಿ ಬಿಳಿಯಾಗಿದ್ದ ಕೋಟು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದವರಿಗೆ, “ಕಚ್ಚುವವರನ್ನು ದಿನಾ ನೋಡ್ತೇನಲ್ಲ, ಮನೆಯಲ್ಲಿ ಕೂಡ ಎಂತಕ್ಕೆ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಾನು ಮೊದಲ ಸಲ ಹೋದದ್ದು ನಮ್ಮ ಬೆಕ್ಕನ್ನು ಎತ್ತಿಕೊಂಡು. ಬೇರೆ ಗಂಡುಬೆಕ್ಕಿನೊಡನೆ ಜಗಳಾಡಿ ಬಂದಿತ್ತು, ಕೆನ್ನೆ ಊದಿ ಲಿಂಬೆಹಣ್ಣಿನಷ್ಟಾಗಿತ್ತು. ನಾನು ಮುಖ ಅತ್ತ ತಿರುಗಿಸಿ ಬುಟ್ಟಿಯನ್ನು ಮೇಜಿನ ಮೇಲೆ ಇಟ್ಟೆ. ಡಾಕ್ಟರು ಬೆಕ್ಕನ್ನು ಮುಟ್ಟಲೇ ಇಲ್ಲ.

“ಮೂಸಿ ನೋಡಿದ್ದೀರಾ?”

“ಇಲ್ಲ ಡಾಕ್ಟ್ರೇ.”

“ನೋಡಿ ಹಾಗಾದ್ರೆ. ಮೊದಲು ನೀವು, ಮತ್ತೆ ನಾನು.”

ಅದು ಅವರ ಕ್ಲಿನಿಕ್ಕಿನ ಕ್ರಮ. ಯಾರು ಸಾಕುತ್ತಾರೋ ಅವರೇ ಮೂಸಬೇಕು, ಅವರೇ ಹಿಡಿದುಕೊಳ್ಳಬೇಕು. ಹಿಡಿಯಲು ಕೂಲಿ ಆಳು ಇಡಲಿಲ್ಲ, ಡ್ರೈವರನ ಕೈಯಲ್ಲಿ ನಾಯಿ ಕಳಿಸಿದರೆ ಬಾಗಿಲಿನಿಂದಲೇ ವಾಪಸು. ನಾನು ಮೂಸಿದೆ. ಡಾಕ್ಟರು ಕೂದಲು ಕತ್ತರಿಸಿ ಗುಳ್ಳೆಗೆ ಚುಚ್ಚಿದರು. ಹಳದಿ ಹಸಿರು ಕೀವು ನನ್ನ ಬಳೆಯ ಮೇಲೆ ಇಳಿಯಿತು. ಹೇಗೋ ತಡೆದುಕೊಂಡು, ಮುಗಿದ ಕೂಡಲೇ ಹಿತ್ತಲಿಗೆ ಓಡಿ ಬೆಳಗಿನ ನೀರುದೋಸೆಯನ್ನೆಲ್ಲ ವಾಂತಿ ಮಾಡಿದೆ. ಬಾಯಿ ತೊಳೆದು ಒಳಗೆ ಬಂದಾಗ ಡಾಕ್ಟರು ತಲೆ ಎತ್ತದೆ, “ಆಯ್ತಾ? ಒಳ್ಳೇದು. ಇನ್ನು ಬರುದಿಲ್ಲ ವಾಂತಿ. ಬಾ, ಗಾಯ ತೊಳೆಯುದು ಹೇಗೆ ಅಂತ ಕಲಿ” ಎಂದರು. ಅಂದಿನಿಂದ ಬಹುವಚನ ಹೋಯಿತು. ನಾನು ಅವರಿಗೆ ಮಾರಾಯ್ತಿ ಆದೆ. ಶಾಲೆ ಬಿಟ್ಟ ಮೇಲೆ ಸಂಜೆ ಅಲ್ಲಿ ಹೋಗಿ ಕುಳಿತುಕೊಳ್ಳುವುದು ರೂಢಿಯಾಯಿತು.

ಮೀನು ಮಾರುವ ತಾಯಿಯಿಂದ ಮಗಳಿಗೆ ಒಂದು ವಿದ್ಯೆ ಬಂದಿತ್ತು. ಕಿವಿರು ಎತ್ತಿ ಬಂಗುಡೆ ತಾಜಾ ಹೌದೋ ಅಲ್ಲವೋ ನೋಡುವ ಹಾಗೆ ಇವರು ನಾಯಿಯ ತುಟಿ ಎತ್ತಿ ಒಸಡು ನೋಡುತ್ತಿದ್ದರು. ಬೆರಳಿನಿಂದ ಒಸಡು ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ ಕೆಂಪು ಕೂಡಲೇ ಮರಳಬೇಕು. ಒಸಡೇ ಬಿಳಿಯಾಗಿದ್ದರೆ ಉಣ್ಣಿ ರಕ್ತ ಕುಡಿದಿದೆ, ಇಲ್ಲವೇ ಹೊಟ್ಟೆಯಲ್ಲಿ ಹುಳ ಉಂಟು. ಆಮೇಲೆ ಕಿವಿಯೊಳಗೆ ಮೂಗು. ಆಮೇಲೆ ಕಾಲ್ಬೆರಳ ಸಂದಿ. “ಮಳೆಗಾಲದಲ್ಲಿ ನಿಮ್ಮ ಕಾಲು ಒರೆಸ್ಕೊಳ್ತೀರಲ್ಲ, ನಾಯಿಗೆ ನಾಲ್ಕು ಉಂಟು, ಅದನ್ನು ಯಾರು ಒರೆಸುದು?” ಎಂದು ಕೇಳುವರು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಒಂದು ವರ್ಷ ತಪ್ಪಿಸಿದವರನ್ನು ಅವರು ಮನುಷ್ಯರ ಲೆಕ್ಕದಲ್ಲಿ ಇಡುತ್ತಿರಲಿಲ್ಲ. ಬೇಸಗೆಯಲ್ಲಿ ಮಧ್ಯಾಹ್ನ ನಾಯಿಯನ್ನು ವಾಕಿಂಗ್ ಕರೆದೊಯ್ದ ಒಬ್ಬರ ಚಪ್ಪಲಿ ಬಿಚ್ಚಿಸಿ, ಕ್ಲಿನಿಕ್ಕಿನ ಎದುರಿನ ಡಾಮರಿನ ಮೇಲೆ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಅವರು ಒಂದು ಕಾಲೆತ್ತಿ ಇನ್ನೊಂದು ಕಾಲಿಗೆ ಹಾರುತ್ತಿದ್ದರೆ ಡಾಕ್ಟರು, “ಎಂತ, ಡ್ಯಾನ್ಸಾ?” ಎಂದರು.

ಕನ್ನಡದ ವಿಷಯ ಹೇಳಲೇಬೇಕು. ನಮ್ಮಿಬ್ಬರದೂ ಮನೆಮಾತು ತುಳು. ಕ್ಲಿನಿಕ್ಕಿಗೆ ಬರುವವರಲ್ಲೂ ಹೆಚ್ಚಿನವರಿಗೆ ತುಳು ಬರುತ್ತದೆ. ಆದರೆ ಬೈಯುವಾಗ ಮಾತ್ರ ಡಾಕ್ಟರು ಕನ್ನಡಕ್ಕೆ ಹೊರಳುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, “ತುಳುವಿನಲ್ಲಿ ಬೈದ್ರೆ ನಮ್ಮವರು ನಗ್ತಾರೆ ಮಾರಾಯ್ತಿ, ಮನೆಯವರು ಬೈದ ಹಾಗೆ ಆಗ್ತದೆ. ಕನ್ನಡದಲ್ಲಿ ಬೈದ್ರೆ ಸರ್ಕಾರಿ ಆಫೀಸಿನವರು ಬೈದ ಹಾಗೆ ಹೆದರ್ತಾರೆ” ಎಂದರು. ತುಳು ಇದ್ದದ್ದು ಪ್ರಾಣಿಗಳಿಗೆ. ಸೂಜಿ ಚುಚ್ಚುವ ಮೊದಲು ಯಾವ ನಾಯಿಯಾದರೂ, ಯಾವ ಬೆಕ್ಕಾದರೂ, ಕಿವಿಯ ಹತ್ತಿರ ಬಾಯಿಟ್ಟು “ದಾಲ ಇಜ್ಜಿ ಮಗಾ, ದಾಲ ಇಜ್ಜಿ” ಎನ್ನುತ್ತಿದ್ದರು. ಏನೂ ಇಲ್ಲ ಮಗಾ, ಏನೂ ಇಲ್ಲ ಎಂದು. ತಾಯಿ ಎನ್ನಿಸಿಕೊಳ್ಳಲು ಒಪ್ಪದ ಹೆಂಗಸು ಹೀಗೆ ಮಗಾ ಎನ್ನುವುದು ಸರಿಯಾ ಎಂದು ನಾನು ಕೆಣಕಿದರೆ ಮುಂದಿನ ನಾಯಿಯನ್ನು ಒಳಗೆ ಕರೆಯುತ್ತಿದ್ದರು.

ಬೈಸಿಕೊಳ್ಳಲು ಜನ ಧಾರಾಳ ಇದ್ದರು. ನಾಯಿಯ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಕೇಕ್ ಕತ್ತರಿಸಿ, ಅದರ ತಲೆಗೆ ಟೊಪ್ಪಿ ಇಟ್ಟು ವೀಡಿಯೊ ಮಾಡಿ, ನಾಯಿ ನಡುಗಲು ಶುರುವಾದ ಮೇಲೆ ಟೊಪ್ಪಿ ಸಮೇತ ತಂದವರು. ಮನೆಯವರು ತಿಂದು ಮಿಕ್ಕಿದ ಕೋಳಿಸಾರಿನ ಕೋರಿರೊಟ್ಟಿಯನ್ನು ಈರುಳ್ಳಿ ಮಸಾಲೆ ಸಮೇತ ಹಾಕಿ, ಬೇಯಿಸಿದ ಎಲುಬು ಕರುಳಲ್ಲಿ ಸಿಕ್ಕಿದ ಮೇಲೆ “ಅದಕ್ಕೆ ಕೋಳಿ ಅಂದ್ರೆ ಪ್ರಾಣ” ಎಂದವರು. ಚಿಗಟಕ್ಕೆ ಒಳ್ಳೆಯದೆಂದು ತೆಂಗಿನೆಣ್ಣೆಗೆ ಕರ್ಪೂರ ಪುಡಿ ಮಾಡಿ ಬೆಕ್ಕಿನ ಮೈಗೆ ತಿಕ್ಕಿದ ಒಬ್ಬ ಹೆಂಗಸು. ಬೆಕ್ಕು ಮೈ ನೆಕ್ಕದೆ ಬಿಡುತ್ತದೆಯೇ? ನೆಕ್ಕಿ, ಬಾಯಲ್ಲಿ ನೊರೆ ಬಂದು, ಸೆಟೆದುಕೊಂಡು ಬಂತು. ಆ ಹೆಂಗಸು, “ದೇವರಿಗೆ ಹಚ್ಚುವ ಕರ್ಪೂರ ಅಲ್ಲವಾ ಡಾಕ್ಟ್ರೇ, ಅದರಲ್ಲಿ ಎಂತ ದೋಷ?” ಎಂದು ಕೇಳಿದಳು. “ದೇವರು ಮೈ ನೆಕ್ಕುದಿಲ್ಲ!” ಎಂದು ಡಾಕ್ಟರು ಕಿರಿಚಿದ್ದು ಟಯರ್ ಅಂಗಡಿಯವರೆಗೂ ಕೇಳಿತು. ಬೆಕ್ಕು ಹೇಗೋ ಉಳಿಯಿತು. ಜ್ವರ ಎಂದು ಮನೆಯಲ್ಲಿದ್ದ ಮಾತ್ರೆ ನುಂಗಿಸಿದ ಇನ್ನೊಬ್ಬರ ಬೆಕ್ಕು ಉಳಿಯಲಿಲ್ಲ. ನಮಗೆ ಜ್ವರ ಇಳಿಸುವ ಆ ಮಾತ್ರೆ ಬೆಕ್ಕಿಗೆ ವಿಷ ಎಂದು ಡಾಕ್ಟರು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದರು. ಅದರ ಕೆಳಗೇ ಕುಳಿತು ಜನ ಮೊಬೈಲಿನಲ್ಲಿ ತಮ್ಮ ನಾಯಿಗಳ ಫೋಟೋ ಒಬ್ಬರಿಗೊಬ್ಬರು ತೋರಿಸುತ್ತಿದ್ದರು.

ಅವರು ಬೈಯದೆ ಇದ್ದದ್ದು ಸುರತ್ಕಲ್‌ನಿಂದ ಹಾಸ್ಟೆಲಿನ ನಾಯಿಗಳನ್ನು ರಿಕ್ಷಾದಲ್ಲಿ ತರುತ್ತಿದ್ದ ಕಾಲೇಜು ಮಕ್ಕಳಿಗೆ ಮಾತ್ರ. ಹೊರರಾಜ್ಯದವರು, ತುಳುವೂ ಇಲ್ಲ, ಕನ್ನಡವೂ ಇಲ್ಲ, ಆದರೆ ನಾಯಿಯ ಉಚ್ಚೆ ಅಂಗಿಯ ಮೇಲೆ ಆದರೂ ಕೈ ಬಿಡುತ್ತಿರಲಿಲ್ಲ. “ಇವರು ಇಂಜಿನಿಯರ್ ಆಗದಿದ್ರೂ ತೊಂದ್ರೆ ಇಲ್ಲ” ಎಂದು ಡಾಕ್ಟರು ಮೆಚ್ಚಿಕೊಂಡಿದ್ದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಡಾಕ್ಟರಲ್ಲಿ ನನಗೆ ಹಿಡಿಸದ್ದೂ ಇತ್ತು. ಕೈ ತೊಳೆಯುತ್ತಿದ್ದರು, ಆದರೆ ಕೋಟು ತೆಗೆಯದೆಯೇ ಗೋಳಿಬಜೆ ತಿನ್ನುತ್ತಿದ್ದರು. ಕೋಟಿನ ತೋಳಿನಲ್ಲಿ ಏನೇನು ಒಣಗಿರುತ್ತಿತ್ತೋ ನೆನೆಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದು ದಿನ ತಡೆಯಲಾರದೆ, “ನಿಮಗೆ ಹೇಸಿಗೆ ಅಂತ ಒಂದು ಇಲ್ಲವಾ ಡಾಕ್ಟ್ರೇ?” ಎಂದೆ. ಬಜೆ ಅರ್ಧ ತಿಂದು ಕೆಳಗಿಟ್ಟರು.

“ಉಂಟು ಮಾರಾಯ್ತಿ, ನಿನಗಿಂತ ಜಾಸ್ತಿ ಉಂಟು. ಕೀವಿಗೆ ಅಲ್ಲ. ಕೀವು ಅಂದ್ರೆ ಮೈ ಹೋರಾಡ್ತಾ ಉಂಟು ಅಂತ. ನನಗೆ ಹೇಸಿಗೆ ಅದನ್ನು ಅಲ್ಲಿವರೆಗೆ ನೋಡದೇ ಇದ್ದವರ ಮೇಲೆ. ಹೊಡೆದವನ ಕೈಯನ್ನೇ ನಾಯಿ ನೆಕ್ತದೆ ನೋಡಿದ್ದೀಯಾ? ಅದಕ್ಕೆ ಹೇಸ್ಲಿಕ್ಕೆ ಬರುದಿಲ್ಲ. ಅದರ ಪರವಾಗಿ ಯಾರಾದ್ರೂ ಹೇಸ್ಬೇಕಲ್ಲ?”

ಆಮೇಲೆ ಉಳಿದ ಬಜೆ ತಿಂದರು.

ಧಣಿಗಳು ಅಲಾಸ್ಕನನ್ನು ಕ್ಲಿನಿಕ್ಕಿಗೆ ತಂದದ್ದು ಆ ಮಾತಾದ ಮರು ಮಳೆಗಾಲದಲ್ಲಿ. ಹಸ್ಕಿ ಎಂಬ ಹಿಮದ ನಾಡಿನ ನಾಯಿ, ಮೈ ತುಂಬಾ ಎರಡು ಪದರದ ದಟ್ಟ ಕೂದಲು. ಮಗಳಿಗೆ ಬೇಕೆಂದು ತರಿಸಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಟ್ಟಿದ್ದರು. ಮಂಗಳೂರಿನ ಬೇಸಗೆಯ ಸೆಕೆಗೆ ಬೆಂದು, ಮಳೆಯ ಎರಚಲಿಗೆ ಒದ್ದೆಯಾಗಿ, ಕೂದಲು ಒಣಗದೆ ಚರ್ಮಕ್ಕೆ ಕಜ್ಜಿ ಹತ್ತಿತು. ಧಣಿಗಳು ಮೊದಲು ಡಾಕ್ಟರ ಬಳಿ ಬರಲಿಲ್ಲ. ಬೋಟಿನವರು ಬಂದರಿನ ಧಕ್ಕೆಯ ನಾಯಿಗಳ ಕಜ್ಜಿಗೆ ಇಂಜಿನಿನಿಂದ ತೆಗೆದ ಸುಟ್ಟ ಆಯಿಲ್ ಬಳಿಯುವುದುಂಟು. ಹಿಂದಿನಿಂದ ಬಂದ ಮದ್ದು ಎಂದು ಈಗಲೂ ನಂಬುತ್ತಾರೆ. ಧಣಿಗಳು ಒಂದು ಡಬ್ಬ ಆಯಿಲ್ ತರಿಸಿ ಬಿಳಿ ನಾಯಿಗೆ ಬಾಲದಿಂದ ಕಿವಿಯವರೆಗೆ ಬಳಿಸಿದರು. ಒಮ್ಮೆ ಬಳಿದು ಸಾಲದೆಂದು ಮತ್ತೆ ಬಳಿಸಿದರು.

ಕ್ಲಿನಿಕ್ಕಿಗೆ ಬಂದಾಗ ಅದು ನಾಯಿ ಎಂದು ಗೊತ್ತಾಗುವಂತಿರಲಿಲ್ಲ. ಜೀಪಿನ ಹಿಂದೆ ಪ್ಲಾಸ್ಟಿಕ್ ಹಾಸಿ ತಂದು, ಅದರ ಸಮೇತ ಮೇಜಿನ ಮೇಲೆ ಮಲಗಿಸಿದ್ದರು. ಕಪ್ಪು ಜಿಡ್ಡು, ಅದರಡಿಯಲ್ಲಿ ಸುಟ್ಟ ಚರ್ಮ, ನೆಕ್ಕಿ ನೆಕ್ಕಿ ವಾಂತಿ ಮಾಡಿಕೊಂಡ ಬಾಯಿ. ಬಾಲದ ಬುಡದಲ್ಲಿ ಕೂದಲು ಸರಿಸಿದರೆ ಹುಳಗಳು ಕುದಿಯುತ್ತಿದ್ದವು. ಧಣಿಗಳು ಬಾಗಿಲಲ್ಲೇ ನಿಂತು ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದರು.

“ವಾಸನೆ ತಡೀಲಿಕ್ಕೆ ಆಗುದಿಲ್ಲ ಡಾಕ್ಟ್ರೇ. ಮನೆಯಲ್ಲಿ ಊಟ ಸೇರುದಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿ ಬಿಡಿ, ಪಾಪ.”

ಆ ‘ಪಾಪ’ ಎಂಬ ಮಾತು ನನಗೆ ಇವತ್ತಿಗೂ ಹುಳಕ್ಕಿಂತ ಅಸಹ್ಯ. ಡಾಕ್ಟರು ಒಸಡು ನೋಡಿದರು, ಕಿವಿ ಮೂಸಿದರು. ಕನ್ನಡದಲ್ಲಿ ಶುರುಮಾಡಿದರು.

“ಇದು ಬದುಕ್ತದೆ. ಒಳಗೆ ಬನ್ನಿ. ತಲೆ ನೀವು ಹಿಡಿಯಿರಿ, ಹುಳ ನಾನು ತೆಗೀತೇನೆ.”

“ನಾನಾ?”

“ನಾಯಿ ಯಾರದ್ದು?”

ಧಣಿಗಳು ಕರ್ಚೀಫಿನ ಹಿಂದಿನಿಂದ ಏನೋ ಗೊಣಗಿ, ಮೀಟಿಂಗ್ ಉಂಟೆಂದು ಹೇಳಿ ಜೀಪು ಹತ್ತಿದರು. ನಾಯಿ ಆ ಸ್ಥಿತಿಯಲ್ಲೂ ತಲೆ ಎತ್ತಿ, ಹೋಗುವ ಜೀಪನ್ನು ನೋಡಿ ಹುಳ ತುಂಬಿದ ಬಾಲವನ್ನು ಆಡಿಸಿತು. ಡಾಕ್ಟರು ನನ್ನ ಕಡೆ ತಿರುಗಿದರು. ನಾನು ವ್ಯಾನಿಟಿ ಬ್ಯಾಗ್ ಕೆಳಗಿಟ್ಟು ತಲೆ ಹಿಡಿದೆ.

ಹುಳಗಳನ್ನು ಚಿಮಟದಲ್ಲಿ ಒಂದೊಂದಾಗಿ ಹೆಕ್ಕಿದರು. ಟರ್ಪಂಟೈನ್ ಸುರಿದರೆ ಬೇಗ ಹೊರಬರುತ್ತವಲ್ಲ ಎಂದು ಹೊರಗೆ ಕಾಯುತ್ತಿದ್ದವರೊಬ್ಬರು ಉಪದೇಶ ಮಾಡಿದ್ದಕ್ಕೆ, “ನಿಮ್ಮ ಗಾಯಕ್ಕೆ ಸುರಿದುಕೊಳ್ಳಿ, ಮತ್ತೆ ನೋಡ್ವಾ” ಎಂದರು. ಗಾಯದ ಸುತ್ತ ಕೂದಲು ಕತ್ತರಿಸಿ, ಗಾಯವಿಲ್ಲದ ಕಡೆ ಜಿಡ್ಡಿಗೆ ಅಡುಗೆಯ ತೆಂಗಿನೆಣ್ಣೆ ಹಚ್ಚಿ ಸಡಿಲ ಮಾಡಿ, ಒರೆಸಿ, ಪಾತ್ರೆ ತೊಳೆಯುವ ಸೋಪುನೀರಿನಲ್ಲಿ ತೊಳೆದು, ಮತ್ತೆ ಎಣ್ಣೆ, ಮತ್ತೆ ನೀರು. ಮೋರಿಗೆ ಕಪ್ಪು ನೀರು ಹೋಗುತ್ತಲೇ ಇತ್ತು. ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಕೋನ್ ಹಾಕಿ, ಡ್ರಿಪ್ ಏರಿಸಿ ಮುಗಿಸುವಾಗ ಬೆಂಗ್ರೆಗೆ ಹೋಗುವ ದೋಣಿ ಹೋಗಿಯಾಗಿತ್ತು. ಅವತ್ತು ಡಾಕ್ಟರು ನಮ್ಮ ಮನೆಯಲ್ಲಿ ಮಲಗಿದರು. ಊಟಕ್ಕೆ ಕೂತಾಗ ಅನ್ನ ಕಲಸುತ್ತಾ, “ನಮ್ಮವರೇ ಮಾರಾಯ್ತಿ. ನಮ್ಮ ಕಡಲಿನವರೇ. ನನ್ನ ಅಪ್ಪ ಕೂಡ ಆಯಿಲ್ ಬಳೀತಿದ್ರು. ಅವರಿಗೆ ಗೊತ್ತಿರ್ಲಿಲ್ಲ. ಇವನಿಗೆ ಫೋನ್ ಉಂಟು, ಜೀಪು ಉಂಟು, ನಾನು ಉಂಟು” ಎಂದು ಕಣ್ಣೀರು ಹಾಕಿದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾಯಿ ಬದುಕಿತು. ಕ್ಲಿನಿಕ್ಕಿನ ಹಿತ್ತಲಿನ ಕೋಣೆ ಅದರ ಮನೆಯಾಯಿತು. ಫ್ಯಾನಿನ ಕೆಳಗೆ ತಣ್ಣನೆಯ ನೆಲ, ಬೆಳಕು ಬಲಿಯುವ ಮೊದಲೇ ವಾಕಿಂಗ್, ದಿನಾ ಬಾಚಣಿಗೆ. ಕೂದಲು ತಿರುಗಿ ಬೆಳ್ಳಗೆ ತುಂಬಿಕೊಂಡಿತು. ಕಿವಿ ಮಾತ್ರ ಪೂರ್ತಿ ಗುಣವಾಗಲಿಲ್ಲ. ಪ್ರತಿ ಮಳೆಗಾಲಕ್ಕೂ ಒಳಗೆ ಕಂದು ಬಣ್ಣದ ಮೇಣ ಕಟ್ಟಿ ಹುಳಿಹಿಟ್ಟಿನ ವಾಸನೆ ಬರುತ್ತದೆ. ಬೆಳಿಗ್ಗೆ ಸಂಜೆ ಮದ್ದು ಬಿಟ್ಟು, ಬುಡ ತಿಕ್ಕಿ, ಹತ್ತಿಯಿಂದ ಒರೆಸಬೇಕು. ಧಣಿಗಳು ಅಷ್ಟು ಕಾಲದಲ್ಲಿ ಒಂದು ಫೋನೂ ಮಾಡಲಿಲ್ಲ. ಕಳೆದ ತಿಂಗಳು ಡಾಕ್ಟರು ದೋಣಿ ಇಳಿದು ಬಸ್‌ಸ್ಟಾಪಿನಲ್ಲಿ ಕುಳಿತವರು ಏಳಲಿಲ್ಲ. ನಾನು ನಾಯಿಯನ್ನು ಮನೆಗೆ ತಂದೆ.

ಆದಿತ್ಯವಾರ ಧಣಿಗಳು ಬಂದರು. ಹೊರಗೆ ಮಳೆ. ಹೊಸ ಬೆಲ್ಟು, ಹೊಸ ಚೈನು ತಂದಿದ್ದರು. ಅವರ ಸ್ವರ ಕೇಳಿದ್ದೇ ತಡ, ನಾಯಿ ಒಳಗಿನಿಂದ ಹಾರಿ ಬಂದು ಅವರ ಸುತ್ತ ತಿರುಗಿತು, ಕೈ ನೆಕ್ಕಿತು, ಬೂಟಿನ ಮೇಲೆ ಗಲ್ಲ ಇಟ್ಟು ಮಲಗಿ ಬಾಲ ಬಡಿಯಿತು. “ನೋಡಿದ್ರಾ ಟೀಚರೇ, ಮರೀಲಿಲ್ಲ!” ಎಂದು ತುಳುವಿನಲ್ಲಿ ನಕ್ಕು, ಮೊಬೈಲು ಚಾಚಿ ಎರಡು ಸೆಲ್ಫಿ ತೆಗೆದುಕೊಂಡರು. ನಾನೂ ತುಳುವಿನಲ್ಲೇ, ಮೆತ್ತಗೆ ಹೇಳಿದೆ: “ಕರ್ಕೊಂಡು ಹೋಗುವ ಮೊದಲು ಅದರ ಕಿವಿ ಒಮ್ಮೆ ಮೂಸಿ ನೋಡಿ. ಡಾಕ್ಟ್ರ ಕ್ರಮ ನಿಮಗೆ ಗೊತ್ತುಂಟಲ್ಲ.”

ಅವರು ಬಗ್ಗಿದರು. ಅರ್ಧಕ್ಕೇ ನಿಂತರು. ಕೈ ಜೇಬಿಗೆ ಹೋಯಿತು, ಕರ್ಚೀಫು ಹೊರಬಂತು.

“ಇನ್ನೂ ಉಂಟಾ ಇದು?”

“ಪ್ರತಿ ಮಳೆಗಾಲ ಉಂಟು. ದಿನಕ್ಕೆರಡು ಸಲ ನೀವೇ ಮದ್ದು ಬಿಡ್ಬೇಕು.”

“ಹಾಗಾದ್ರೆ ಒಂದು ಕೆಲಸ ಮಾಡುವ ಟೀಚರೇ. ಮಳೆಗಾಲ ನಿಮ್ಮಲ್ಲೇ ಇರಲಿ. ಮಳೆ ನಿಂತ ಮೇಲೆ ನಾನು ಬರ್ತೇನೆ. ಅದರ ತಳಿಯ ಸರ್ಟಿಫಿಕೇಟ್ ಹೇಗೂ ನನ್ನ ಹೆಸರಲ್ಲಿ ಉಂಟಲ್ಲ.”

ನನಗೆ ಬಂದ ಹೇಸಿಗೆ ಸಾಮಾನ್ಯದ್ದಲ್ಲ. ಅಂದಿನ ಬೆಕ್ಕಿನ ಕೀವು ಇದರ ಮುಂದೆ ಏನೂ ಅಲ್ಲ. ತುಳುವಿನಲ್ಲಿ ಹೇಳಿದರೆ ಇವರು ನಗುತ್ತಾರೆ, ಚಾ ಕುಡಿದು ಹೋಗಿ ಮಳೆ ನಿಂತ ಮೇಲೆ ಬಂದೇ ಬರುತ್ತಾರೆ. ನಾನು ಎದ್ದು ನಿಂತು, ತರಗತಿಯಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಿದೆ.

“ನೀವು ಇನ್ನು ಬರುವುದು ಬೇಡ.”

“ಎಂತ ಟೀಚರ್, ಕನ್ನಡದಲ್ಲಿ ಮಾತಾಡ್ತೀರಿ?”

“ಮಳೆ ನಿಂತ ಮೇಲೂ ಬೇಡ. ನಾಯಿ ಇಲ್ಲೇ ಇರುತ್ತದೆ. ಸರ್ಟಿಫಿಕೇಟ್ ಇದ್ದರೆ ಅದನ್ನೇ ಸಾಕಿ. ಅದಕ್ಕೆ ವಾಸನೆ ಬರುವುದಿಲ್ಲ.”

ಅವರ ಮುಖದ ನಗು ಇಳಿಯಿತು. ಬೆಲ್ಟು ಚೈನು ಎತ್ತಿಕೊಂಡು, ಕೊಡೆ ಬಿಡಿಸದೆಯೇ ಮೆಟ್ಟಿಲಿಳಿದರು. ನಾನು ಬಾಗಿಲು ಹಾಕಿ ಚಿಲಕ ಜಡಿದೆ.

ನಾಯಿ ಬಾಗಿಲ ಸಂದಿಗೆ ಮೂಗಿಟ್ಟು ಕುಂಯ್‌ಗುಟ್ಟಲು ಶುರುಮಾಡಿತು. ಜೀಪು ಹೊರಟ ಸದ್ದಿಗೆ ಉಗುರಿನಿಂದ ಬಾಗಿಲು ಕೆರೆಯಿತು. ಇಷ್ಟಾದ ಮೇಲೂ ಅವನೇ ಬೇಕಲ್ಲ ಈ ದರಿದ್ರಕ್ಕೆ ಎಂದು ಒಂದು ಕ್ಷಣ ನನಗೆ ಆ ನಾಯಿಯ ಮೇಲೂ ಹೇಸಿಗೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಸಂಜೆಯ ಮದ್ದಿನ ಹೊತ್ತಾಯಿತೆಂದು ಹತ್ತಿ, ಬಾಟಲಿ ತಂದು ಬಾಗಿಲ ಬುಡದಲ್ಲೇ ಅದರ ಪಕ್ಕ ಕುಳಿತೆ. ಕಿವಿ ಎತ್ತಿ ಮೂಸಿ ನೋಡಿದೆ. ಅದು ಬಾಗಿಲ ಕಡೆಯೇ ನೋಡುತ್ತಿತ್ತು. “ದಾಲ ಇಜ್ಜಿ ಮಗಾ” ಎಂದು ಅದರ ಕಿವಿಯೊಳಗೆ ಹೇಳಿ, ಮದ್ದು ಬಿಟ್ಟೆ.